ಡಬ್ಬಿಗೇ ಮರಳಿದ ತೌಡು

ಕ್ಷಮಾಪಣೆಯ ಕಾಗದ ಟೈಪಾಗಿ ಸಿದ್ಧವಾಗಿತ್ತು. ಅದರಲ್ಲಿ ಮೂರೇ ಸಾಲು. ನಾಲ್ಕು ಮಹಡಿಯ ಆ ಕಟ್ಟಡದ ಇಪ್ಪತ್ನಾಲ್ಕು ಮನೆಗಳ ನೀರಿನ ಫಿಲ್ಟರಿಗೆ ನಾನು ನಕಲಿ ಮೆಂಬ್ರೇನ್ ಹಾಕಿರುತ್ತೇನೆ. ಇದಕ್ಕೆ ಸರ್ವಿಸ್ ಸೆಂಟರಿನವರು ಹೊಣೆಯಲ್ಲ. ತಪ್ಪಾಯಿತು, ಕ್ಷಮಿಸಬೇಕು. ಕೆಳಗೆ ಸಹಿಗೆ ಬಿಟ್ಟ ಜಾಗ ಮಾತ್ರ ಖಾಲಿ ಇತ್ತು.

ಸರ್ವಿಸ್ ಸೆಂಟರಿನ ಯಜಮಾನರು ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು. ಹದಿನೈದು ವರ್ಷದಲ್ಲಿ ಅವರು ಯಾರಿಗೂ ಪೆನ್ನು ಕೊಟ್ಟವರಲ್ಲ.

"ಸಹಿ ಹಾಕಮ್ಮ. ಭಾನುವಾರ ಅವರ ಮೀಟಿಂಗಲ್ಲಿ ಒಂದ್ಸಲ ಓದಿ ಹೇಳ್ಬಿಡು. ನಾನು ಎಲ್ಲಾ ಮನೆಗೂ ಹೊಸ ಮೆಂಬ್ರೇನ್ ಹಾಕಿಸ್ಕೊಡ್ತೀನಿ. ಅಲ್ಲಿಗೆ ಕಥೆ ಮುಗೀತು."

"ಯಾರ ಕಥೆ ಸಾರ್?"

"ನೋಡು, ವಾದ ಬೇಡ. ನೀನು ಹಾಕಿದ್ಯೋ ಬಿಟ್ಯೋ ಆ ದೇವರಿಗೇ ಗೊತ್ತು. ಆ ಕಟ್ಟಡ ಕೈಬಿಟ್ರೆ ಇಡೀ ಬೀದಿನೇ ಕೈಬಿಡುತ್ತೆ."

"ಹಾಕಿಲ್ಲ ಅಂತ ನಿಮಗೂ ಗೊತ್ತು ಸಾರ್. ಕಂಪನಿ ಡಬ್ಬ ಒಡೆದು ಮೆಂಬ್ರೇನ್ ಕೊಟ್ಟೋರು ನೀವೇ."

ಯಜಮಾನರು ಕಿಟಕಿಯ ಕಡೆ ನೋಡಿದರು. ಅವಳು ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಕಾಗದವನ್ನು ಮಡಚಿ ಚೀಲಕ್ಕೆ ಸೇರಿಸಿದಳು.

"ಭಾನುವಾರದೊಳಗೆ ಸಹಿ ಬರ್ಲಿಲ್ಲ ಅಂದ್ರೆ, ಸೋಮವಾರದಿಂದ ನೀನು ಯಾರ ಮನೆಗೂ ಹೋಗೋ ಹಾಗಿಲ್ಲ" ಎಂದರು ಯಜಮಾನರು, ಕಿಟಕಿಗೆ ಹೇಳುವವರ ಹಾಗೆ. "ಫೋನೆತ್ಕೊಂಡು ಕೂತ್ಕೋ."

ಫೋನೆತ್ತುವ ಕೆಲಸ ಅವಳಿಗೆ ಹೊಸದೇನಲ್ಲ. ಮೊದಲ ಏಳು ವರ್ಷ ಅದನ್ನೇ ಮಾಡಿದ್ದಳು. ನೀರು ತೊಟ್ಟಿಕ್ಕುತ್ತಿದೆ, ಮೋಟಾರು ಕೂಗುತ್ತಿದೆ, ಕೆಂಪು ದೀಪ ಆರುತ್ತಿಲ್ಲ ಎಂಬ ದೂರುಗಳನ್ನು ಕೇಳಿ ಕೇಳಿಯೇ ಯಂತ್ರದ ಹೊಟ್ಟೆಯೊಳಗಿನದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಮೆಕ್ಯಾನಿಕ್ಕುಗಳಿಬ್ಬರೂ ಒಂದೇ ದಿನ ರಜೆ ಹಾಕಿದಾಗ ಸ್ಪ್ಯಾನರ್ ಚೀಲ ಹೆಗಲಿಗೇರಿಸಿದವಳು ಮತ್ತೆ ಕೆಳಗಿಳಿಸಲಿಲ್ಲ. ಹೆಂಗಸು ರಿಪೇರಿಗೆ ಬಂದಳೆಂದು ಮೂಗು ಮುರಿದ ಮನೆಯವರೇ ಈಗ "ಮೀಟರಕ್ಕನ್ನೇ ಕಳಿಸಿ" ಎನ್ನುತ್ತಿದ್ದರು. ಯಾವ ಮನೆಗೆ ಹೋದರೂ, ಕುಡಿಯಲು ಕೊಟ್ಟ ನೀರಿಗೆ ಮೊದಲು ಪೆನ್ನಿನಷ್ಟುದ್ದದ ಮೀಟರನ್ನು ಅದ್ದಿ, ಅದರಲ್ಲಿ ಕರಗಿದ ಉಪ್ಪೆಷ್ಟೆಂದು ನೋಡಿ, ಆಮೇಲೆ ಕುಡಿಯುವ ಹೆಂಗಸಿಗೆ ಬೇರೆ ಹೆಸರು ಬೀಳುವುದಾದರೂ ಹೇಗೆ? ಎಂಟು ವರ್ಷದಲ್ಲಿ ಸಂಪಾದಿಸಿದ ಹೆಸರು ಅದೊಂದೇ. ಮೂರು ಸಾಲಿನಲ್ಲಿ ಅದನ್ನು ಅಳಿಸಿ ಹಾಕಲು ಹೊರಟಿದ್ದರು.

ತಕರಾರು ಎದ್ದದ್ದು ಎರಡು ತಿಂಗಳ ಹಿಂದೆ. ಆ ಕಟ್ಟಡದಲ್ಲಿ, ನೀರಿನ ಉಪ್ಪು ತಡೆಯುವ ಮೆಂಬ್ರೇನುಗಳು ಒಂದರ ಹಿಂದೊಂದು ಕೆಡತೊಡಗಿದವು. ಎರಡು ವರ್ಷ ಬಾಳಬೇಕಾದದ್ದು ಎರಡು ತಿಂಗಳಿಗೆ ಕೈಕೊಟ್ಟಿತು. ಶುದ್ಧ ಮಾಡಿದ ನೀರೇ ಉಪ್ಪುಪ್ಪು. ಅವಳು ಒಂದನ್ನು ಬಿಚ್ಚಿ ಸುರುಳಿ ಹರಡಿ ನೋಡಿದರೆ ಹಾಳೆಗಳ ತುಂಬ ಬಿಳಿ ಹಕ್ಕಳೆ. ಅಡುಗೆಮನೆಯ ನಲ್ಲಿಗೆ ಮೀಟರ್ ಹಿಡಿದರೆ ಲೀಟರಿಗೆ ಎರಡು ಸಾವಿರ ಮಿಲಿಗ್ರಾಂ ಎಂದಿತು. ಪಕ್ಕದ ಕಟ್ಟಡದಲ್ಲಿ, ಅದೇ ಬೀದಿಯ ಅದೇ ಕೊಳವೆಯಿಂದ ಬರುವ ನೀರು, ಬರೀ ನಾನೂರು.

ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ ಒಬ್ಬ ನಿವೃತ್ತ ಹೆಡ್‌ಮೇಷ್ಟ್ರು. ಶಾಲೆಯಿಂದ ನಿವೃತ್ತರಾಗಿದ್ದರೇ ಹೊರತು ಮೇಷ್ಟ್ರಗಿರಿಯಿಂದ ಅಲ್ಲ. ಬೀದಿ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿ ತರಿಸಿದರು. ನಾನೂರು.

"ನೀರು ಸರಿಯಿದೆ, ಪಕ್ಕದವರ ಮೆಂಬ್ರೇನೂ ಸರಿಯಿದೆ, ಕೆಟ್ಟಿರೋದು ನೀನು ಹಾಕಿದ್ದು ಮಾತ್ರ" ಎಂದಿದ್ದರು. "ನಿನ್ನ ಮೀಟರು ಕಳ್ಳ ತಕ್ಕಡಿ ಇದ್ದಂಗೆ. ಉಪ್ಪು ತಿಂದೋರು ನೀರು ಕುಡೀಲೇಬೇಕಮ್ಮ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಆದರೆ ಎತ್ತಿಗೆ ಜ್ವರ ಬಂದದ್ದೆಲ್ಲಿಂದ ಎಂಬುದು ಎಮ್ಮೆಗೂ ತಿಳಿದಿರಲಿಲ್ಲ. ಬೀದಿಯಲ್ಲಿ ನಾನೂರಿದ್ದ ನೀರು, ಗೇಟು ದಾಟಿ, ಸಂಪಿಗಿಳಿದು, ಮೇಲಿನ ಟ್ಯಾಂಕಿಗೇರಿ, ನಲ್ಲಿಗೆ ಬರುವಷ್ಟರಲ್ಲಿ ಎರಡು ಸಾವಿರ ಹೇಗಾಯಿತು? ಅಲ್ಲಿ ಕುಡಿಯುವ ನೀರಿಗೇ ಬೇರೆ ಸಂಪು, ಬೇರೆ ಟ್ಯಾಂಕು. ಅದರಿಂದ ಪ್ರತಿ ಮನೆಯ ಫಿಲ್ಟರಿಗೊಂದು ಸಂಪರ್ಕ, ಪಕ್ಕದಲ್ಲೊಂದು ಪುಟ್ಟ ನಲ್ಲಿ, ಅಷ್ಟೇ. ಬೇರೆ ನೀರು ಸೇರಲು ದಾರಿಯೇ ಇಲ್ಲ.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು ಹಿಟ್ಟು ಜರಡಿ ಹಿಡಿಯುತ್ತಿದ್ದರು. ಮಗ ಲಾರಿ ಓಡಿಸುತ್ತ ತಿಂಗಳಲ್ಲಿ ಇಪ್ಪತ್ತು ದಿನ ಹೊರಗಿದ್ದರೆ, ಮನೆಯಲ್ಲಿ ಜಗಳವಾಡಲು ಅವರಿಗೆ ಸೊಸೆಯೊಬ್ಬಳೇ ದಿಕ್ಕು. ಆ ಕೆಲಸದಲ್ಲಿ ಅವರು ಒಂದು ದಿನವೂ ಕೊರತೆ ಮಾಡಿದವರಲ್ಲ.

ಅವಳು ಕಾಗದ ಓದಿ ಹೇಳಿದಳು. ಅತ್ತೆ ಜರಡಿ ನಿಲ್ಲಿಸಿದರು.

"ಸಹಿ ಹಾಕಿದ್ಯೇನೇ?"

"ಇಲ್ಲ ಅತ್ತೆ."

"ಹಾಕಿ ಬಂದಿದ್ರೆ ಈ ಹೊಸಲು ದಾಟ್ಸ್ತಿರ್ಲಿಲ್ಲ. ಬಗ್ಗಿದವರಿಗೆ ಒಂದು ಗುದ್ದು ಜಾಸ್ತಿ ಕಣೇ. ಇವತ್ತು ಫಿಲ್ಟರ್ ಕದ್ದೆ ಅಂತ ಒಪ್ಕೋ, ನಾಳೆ ನಲ್ಲೀನೂ ನೀನೇ ಕದ್ದೆ ಅಂತಾರೆ."

"ಹಾಕಲ್ಲ. ಆದ್ರೆ ಉಪ್ಪು ಎಲ್ಲಿಂದ ಬಂತು ಅಂತ ತೋರಿಸ್ದೆ ಇದ್ರೆ, ಹಾಕದೇ ಇದ್ರೂ ಕಳ್ಳೀನೇ."

"ಹಂಗಾದ್ರೆ ಆ ನಿನ್ನ ಮೂಳೆಗಳನ್ನ ಕೇಳು" ಎಂದು ಅತ್ತೆ ಗದ್ದ ಎತ್ತಿ ಅಟ್ಟಣಿಗೆಯನ್ನು ತೋರಿಸಿದರು. "ಡಬ್ಬ ಇಡೋಕೆ ಜಾಗ ಇಲ್ಲ, ಸತ್ತೋದ ಫಿಲ್ಟರ್‌ಗೆಲ್ಲ ಸಮಾಧಿ ಕಟ್ಟಿದೀಯ. ಒಂದಿನ ಆದ್ರೂ ಪ್ರಯೋಜನಕ್ಕೆ ಬರ್ಲಿ."

ಉಳಿದ ಮೆಕ್ಯಾನಿಕ್ಕುಗಳು ಹಳೆಯ ಮೆಂಬ್ರೇನನ್ನು ಗುಜರಿಗೆ ಎಸೆದರೆ, ಅವಳು ಮನೆಗೆ ತಂದು ಒಣಗಿಸಿಡುತ್ತಿದ್ದಳು. ಅಂಗೈಯುದ್ದದ ಬಿಳಿ ಉರುಳೆಗಳು. ಪ್ರತಿಯೊಂದರ ಮೇಲೂ ಮಾರ್ಕರ್ ಪೆನ್ನಿನಲ್ಲಿ ಮನೆ, ತಾರೀಕು, ಒಳಗೆ ಇಷ್ಟು, ಹೊರಗೆ ಇಷ್ಟು. ಒಳಗೆ ಎಂದರೆ ಯಂತ್ರಕ್ಕೆ ಬಂದ ನೀರಿನ ಉಪ್ಪು, ಹೊರಗೆ ಎಂದರೆ ಕುಡಿಯಲು ಬಿಟ್ಟ ನೀರಿನ ಉಪ್ಪು. ದುಡಿದು ಸತ್ತದ್ದಕ್ಕೆ ಒಂದು ಲೆಕ್ಕವಾದರೂ ಉಳಿಯಲಿ ಎಂಬುದು ಅವಳ ಹುಚ್ಚು. ಸೆಂಟರಿನಲ್ಲಿ ಎಲ್ಲರೂ ನಗುತ್ತಿದ್ದರು.

ಸ್ಟೂಲು ಹತ್ತಿ, ಆ ಕಟ್ಟಡದವನ್ನು ಮಾತ್ರ ಆರಿಸಿ, ತಾರೀಕಿನ ಪ್ರಕಾರ ನೆಲದ ಮೇಲೆ ಸಾಲಾಗಿ ಜೋಡಿಸಿದಳು. ಹೋದ ವರ್ಷದ ಆರಂಭದಲ್ಲಿ ಒಳಗೆ ನಾನೂರು. ಮೂರು ತಿಂಗಳಾದ ಮೇಲೆ ನಾನೂರ ಮೂವತ್ತು. ಮತ್ತೆ ಮೂರು ತಿಂಗಳಿಗೆ ನಾನೂರ ತೊಂಬತ್ತು. ಆಮೇಲೆ ಆರುನೂರ ನಲವತ್ತು. ಕೊನೆಯಲ್ಲಿ, ಒಮ್ಮೆಲೇ, ಎರಡು ಸಾವಿರ.

ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಎಲ್ಲವನ್ನೂ ಅವಳ ಕೈಯೇ ಬರೆದಿತ್ತು. ಬೇಸಿಗೆಗೆ ಸ್ವಲ್ಪ ಏರುತ್ತದೆ ಬಿಡು ಎಂದುಕೊಂಡು, ಬರೆದಿದ್ದಳೇ ಹೊರತು ಓದಿರಲಿಲ್ಲ.

ಮೂರು ತಿಂಗಳಿಗೊಮ್ಮೆ ಏರಿದ್ದು ಏಕೆ? ಆ ಕಟ್ಟಡದಲ್ಲಿ ಮೂರು ತಿಂಗಳಿಗೊಮ್ಮೆ ನಡೆದದ್ದು ಏನು? ನೆನಪಾಯಿತು. ಹೆಡ್‌ಮೇಷ್ಟ್ರ ನೀರುಳಿತಾಯ.

ಫಿಲ್ಟರಿನ ಬಾಳು ಹೀಗೆ. ಮೊದಲು ನೂಲಿನ ಉರುಳೆ ಮಣ್ಣನ್ನು ಹಿಡಿಯುತ್ತದೆ. ಆಮೇಲೆ ಇದ್ದಿಲು ವಾಸನೆಯನ್ನು ನುಂಗುತ್ತದೆ. ಕೊನೆಗೆ ಪಂಪು ನೀರನ್ನು ಮೆಂಬ್ರೇನಿಗೆ ಒತ್ತುತ್ತದೆ. ನೀರು ನುಸುಳಿ ಆಚೆ ಹೋಗುತ್ತದೆ, ಕರಗಿದ ಉಪ್ಪು ನುಸುಳಲಾರದೆ ಈಚೆಯೇ ಉಳಿಯುತ್ತದೆ. ಆ ಉಪ್ಪನ್ನು ತೊಳೆದು ಸಾಗಿಸಲು ಒಂದಷ್ಟು ನೀರು ಬೇಕೇ ಬೇಕು. ನಾಲ್ಕು ಲೋಟ ಒಳಗೆ ಹೋದರೆ ಒಂದು ಲೋಟ ಕುಡಿಯಲು, ಮೂರು ಲೋಟ ಉಪ್ಪು ಹೊತ್ತು ಸಣ್ಣ ಕೊಳವೆಯಲ್ಲಿ ಹೊರಗೆ. ಈ ಮೂರು ಲೋಟ ಕಂಡೇ ಹೆಡ್‌ಮೇಷ್ಟ್ರ ಕರುಳು ಚುರುಕ್ ಎಂದದ್ದು. ಮೂರು ತಿಂಗಳಿಗೊಂದು ಮಹಡಿಯಂತೆ ಎಲ್ಲ ಮನೆಗಳ ಸಣ್ಣ ಕೊಳವೆಗಳನ್ನು ಒಂದು ದೊಡ್ಡ ಕೊಳವೆಗೆ ಸೇರಿಸಿದರು. ಗೇಟಿಗೆ ಬೋರ್ಡನ್ನೂ ಬರೆಸಿದರು: "ಈ ಕಟ್ಟಡದಲ್ಲಿ ಒಂದು ಹನಿಯೂ ವ್ಯರ್ಥವಿಲ್ಲ." ನೀರು ಹಿತ್ತಲಿನ ಪೀಪಾಯಿಗೆ ಹೋಗುತ್ತದೆ, ಅಲ್ಲಿಂದ ಗಿಡಗಳಿಗೆ ಎಂದು ಎಲ್ಲರೂ ತಿಳಿದಿದ್ದರು. ಅವಳೂ ತಿಳಿದಿದ್ದಳು.

"ಅಯ್ಯೋ, ಇದೇನು ಬರೀ ತೌಡೇ ಇದೆ ಡಬ್ಬೀಲಿ" ಎಂದರು ಅತ್ತೆ ಹಿಂದಿನಿಂದ. "ನಿನ್ನೆ ಜರಡಿ ಹಿಡ್ದಿದ್ದು ಯಾರೇ? ತೌಡನ್ನ ಮತ್ತೆ ಡಬ್ಬಿಗೇ ಸುರಿದಿದೀಯಲ್ಲ! ತಲೆ ಎಲ್ಲಿಟ್ಟಿದ್ದೆ?"

ಅವಳು ತಿರುಗಿ ಅತ್ತೆಯನ್ನೂ ಜರಡಿಯನ್ನೂ ನೋಡಿದಳು.

"ಅತ್ತೆ, ಭಾನುವಾರ ನಿಮ್ಮ ಜರಡಿ ಬೇಕು."

"ಮುರಿದ್ಯೋ, ನೋಡ್ಕೋ."

ಭಾನುವಾರ ಮೀಟಿಂಗಿಗೆ ಅರ್ಧ ಗಂಟೆ ಮೊದಲೇ ಹೋಗಿ ನೇರ ಹಿತ್ತಲಿಗೆ ನಡೆದಳು. ಪೀಪಾಯಿಯ ತಳದಲ್ಲಿ ಒಣಗಿದ ಎಲೆ, ಬಾಯಿಗೆ ಜೇಡರ ಬಲೆ. ವರ್ಷದಿಂದ ಒಂದು ತೊಟ್ಟು ನೀರೂ ಬಿದ್ದಿರಲಿಲ್ಲ. ದೊಡ್ಡ ಕೊಳವೆ ಪೀಪಾಯಿಯ ಪಕ್ಕದಲ್ಲೇ ಹಾದು, ಗೋಡೆಯ ಬುಡ ಹಿಡಿದು, ಕುಡಿಯುವ ನೀರಿನ ಸಂಪಿನ ಮುಚ್ಚಳದ ಕೆಳಗೆ ಇಳಿದಿತ್ತು. ಮುಚ್ಚಳ ಸರಿಸಿ ಕಿವಿಯಿಟ್ಟಳು. ಒಳಗೆ ಸಣ್ಣಗೆ ನೀರು ಬೀಳುವ ಸದ್ದು. ಕೊಳವೆಯ ಬಾಯಿಗೆ ಬಾಟಲಿ ಹಿಡಿದು ತುಂಬಿಸಿಕೊಂಡಳು.

ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮೂವತ್ತು ಜನರಾದರೂ ಇದ್ದರು. ಯಜಮಾನರು ಮುಂದಿನ ಸಾಲಿನಲ್ಲಿ, ತಾವೇ ಅಪರಾಧಿಯ ತಂದೆ ಎಂಬಂತೆ ತಲೆ ತಗ್ಗಿಸಿ ಕೂತಿದ್ದರು. ಮೇಜಿನ ಹಿಂದೆ ಹೆಡ್‌ಮೇಷ್ಟ್ರು. ಎದುರಿಗೆ ಶಾಲೆಯಿಂದ ತಂದ ಹಿತ್ತಾಳೆಯ ಗಂಟೆ.

"ಓದಮ್ಮ" ಎಂದರು.

"ಓದ್ತೀನಿ ಸಾರ್. ಕಾಗದ ಅಲ್ಲ, ಇದನ್ನ."

ಚೀಲದಿಂದ ಮೆಂಬ್ರೇನುಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು. ಮನೆ, ತಾರೀಕು, ಒಳಗೆ, ಹೊರಗೆ. ಎರಡನೆಯದಕ್ಕೇ ಹೆಡ್‌ಮೇಷ್ಟ್ರು ಗಂಟೆ ಬಾರಿಸಿದರು. ಅವಳು ನಿಲ್ಲಿಸಲಿಲ್ಲ. ಮತ್ತೆ ಬಾರಿಸಿದರು. ಅವಳು ಅದಕ್ಕಿಂತ ದೊಡ್ಡ ದನಿಯಲ್ಲಿ ಓದಿದಳು.

"ನಿನ್ನನ್ನ ಕರೆಸಿದ್ದು ಕ್ಷಮೆ ಕೇಳೋಕೆ!"

"ತಪ್ಪು ಮಾಡಿದ್ರೆ ಕೇಳ್ತೀನಿ ಸಾರ್. ಮಾಡದೇ ಇದ್ದಿದ್ದಕ್ಕೆ ತಲೆ ಹೋದ್ರೂ ಕೇಳಲ್ಲ. ಹತ್ತು ನಿಮಿಷ ಕೊಡಿ. ಆಮೇಲೂ ಕಳ್ಳಿ ಅನ್ಸಿದ್ರೆ ಪೊಲೀಸ್ರನ್ನೇ ಕರೀರಿ."

ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. "ಮಾತಾಡ್ಲಿ ಬಿಡಿ" ಎಂದರು ಯಾರೋ. ಅವಳು ಹಿಟ್ಟಿನ ಡಬ್ಬಿಯನ್ನೂ ಅತ್ತೆಯ ಜರಡಿಯನ್ನೂ ಹೊರತೆಗೆದಳು. ಹಿಟ್ಟು ಸುರಿದು ಜರಡಿ ಆಡಿಸಿದಳು. ಕೆಳಗೆ ಕಾಗದದ ಮೇಲೆ ನುಣ್ಣಗಿನ ಹಿಟ್ಟು ಬಿತ್ತು, ಮೇಲೆ ತೌಡು ಉಳಿಯಿತು.

"ನಿಮ್ಮ ಫಿಲ್ಟರ್ ಮಾಡೋದು ಇಷ್ಟೇ. ಹಿಟ್ಟು ನೀವು ಕುಡಿಯೋ ನೀರು, ತೌಡು ಉಪ್ಪು. ಜರಡಿ ತೌಡನ್ನ ತಿಂದು ಹಾಕಲ್ಲ, ಬೇರೆ ಮಾಡುತ್ತೆ ಅಷ್ಟೇ. ಬೇರೆ ಆಗಿದ್ದನ್ನ ಹೊರಗೆ ಚೆಲ್ಲೋದು ನಮ್ಮ ಕೆಲ್ಸ. ಈಗ ನಾನು ಏನ್ ಮಾಡ್ತೀನಿ ನೋಡಿ." ತೌಡನ್ನು ಡಬ್ಬಿಗೇ ಸುರಿದಳು. "ನಾಳೆ ಇದೇ ಡಬ್ಬಿಗೆ ಒಂದು ಹಿಡಿ ಹೊಸ ಹಿಟ್ಟು ಹಾಕಿ ಮತ್ತೆ ಜರಡಿ ಹಿಡೀತೀನಿ. ತೌಡು ಮತ್ತೆ ಡಬ್ಬಿಗೆ. ಹಿಂಗೇ ದಿನಾ ಮಾಡಿದ್ರೆ ಕೊನೇಲಿ ಡಬ್ಬೀಲಿ ಏನಿರುತ್ತೆ?"

"ತೌಡೇ ಇರುತ್ತೆ" ಎಂದಳು ಎರಡನೆಯ ಸಾಲಿನ ಹೆಂಗಸೊಬ್ಬಳು. ಅಂದವಳೇ, "ಅಯ್ಯೋ, ಹಂಗಾದ್ರೆ ಆ ಕೊಳವೆ..." ಎಂದು ಹಿತ್ತಲ ಕಡೆ ತಿರುಗಿದಳು.

"ಕೊಳವೆ ಪೀಪಾಯಿಗೆ ಹೋಗ್ತಿಲ್ಲಮ್ಮ. ಸಂಪಿಗೆ ಹೋಗ್ತಿದೆ. ಒಂದು ಮಹಡಿ ಸೇರಿದಾಗ ಉಪ್ಪು ಚೂರು ಏರ್ತು, ಎರಡನೇದು ಸೇರಿದಾಗ ಇನ್ನೂ ಚೂರು. ಮಿಕ್ಕ ಮಹಡಿಗಳು ಹೊರಗೆ ಚೆಲ್ತಾ ಇದ್ವು, ಅದಕ್ಕೇ ತಡೀತು. ನಾಲ್ಕನೇದೂ ಸೇರಿದ ಮೇಲೆ ಉಪ್ಪಿಗೆ ಹೊರಗೆ ಹೋಗೋ ದಾರೀನೇ ಇಲ್ಲ. ಎರಡು ಸಾವಿರ. ನನ್ನ ಮೆಂಬ್ರೇನ್ ನಕಲಿ ಅಲ್ಲ ಸಾರ್. ನೀವು ಅದಕ್ಕೆ ಹೊರೋಕಾಗದಷ್ಟು ಹೊರಿಸಿದ್ರಿ."

ಎಲ್ಲರ ಕಣ್ಣೂ ಹೆಡ್‌ಮೇಷ್ಟ್ರ ಮೇಲೆ ಬಿದ್ದವು. ಅವರು ಎದ್ದು ನಿಂತರು. ಹೆದರಿದವರ ನಿಲುವಾಗಿರಲಿಲ್ಲ ಅದು.

"ಹೌದು, ಸಂಪಿಗೇ ಬಿಡಿಸಿದೀನಿ. ಹೇಳಿದ್ರೆ ನೀವೆಲ್ಲ ಮೂಗು ಮುಚ್ಕೊತಿದ್ರಿ, ಅದಕ್ಕೇ ಹೇಳ್ಲಿಲ್ಲ. ಅದು ಕೊಳಕು ನೀರಲ್ಲ. ಎರಡೆರಡು ಫಿಲ್ಟರ್ ದಾಟಿ ಬಂದ ನೀರು. ಎರಡು ಲೋಟದಲ್ಲಿ ಹಿಡಿದು ತೋರಿಸಿದ್ನಲ್ಲ ಹೋದ ವರ್ಷ, ಒಬ್ಬರಿಗಾದ್ರೂ ವ್ಯತ್ಯಾಸ ಗೊತ್ತಾಯ್ತಾ? ಬೀದಿ ನೀರಿಗಿಂತ ತಿಳಿಯಾಗಿತ್ತು!"

"ಬೆಳ್ಳಗಿರೋದೆಲ್ಲ ಹಾಲಲ್ಲ ಸಾರ್. ನೋಡಿದ್ರಿ, ಕುಡಿದು ನೋಡಿದ್ರಾ?"

ಬಾಟಲಿಯ ನೀರನ್ನು ಲೋಟಕ್ಕೆ ಬಗ್ಗಿಸಿ ಮುಂದೆ ಹಿಡಿದಳು. ಕಣ್ಣಿಗೆ ಹೊಳೆಹೊಳೆಯುವ ನೀರು. ಒಂದು ಗುಟುಕಿಗೆ ಏನೂ ಆಗೋಲ್ಲ ಎಂದು ಅವಳು ಹೇಳುವಷ್ಟರಲ್ಲಿ ಹೆಡ್‌ಮೇಷ್ಟ್ರು ಲೋಟ ಎತ್ತಿಯೇಬಿಟ್ಟರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡಸು. ಮೊದಲ ಗುಟುಕಿಗೇ ಮುಖ ಕಿವುಚಿತು. ಆದರೂ ಲೋಟ ಇಳಿಸಲಿಲ್ಲ. ಮೂವತ್ತು ಜನರ ಎದುರಿಗೆ, ಕಣ್ಣಲ್ಲಿ ನೀರು ಬರುವ ತನಕ, ತಳ ಕಾಣುವ ತನಕ ಕುಡಿದರು. ಲೋಟ ಕೆಳಗಿಟ್ಟು, ಏನೋ ಹೇಳಲು ಬಾಯಿ ತೆರೆದು, ಕೆಮ್ಮಿದರು.

ಹಿಂದಿನ ಸಾಲಿನಿಂದ ಅವರ ಹೆಂಡತಿ ಎದ್ದು ಬಂದು ತಮ್ಮ ಬಾಟಲಿ ಮುಂದಿಟ್ಟರು. "ತಗೊಳ್ಳಿ, ಪಕ್ಕದ ಕಟ್ಟಡದಿಂದ ತಂದಿದ್ದು. ಎರಡು ತಿಂಗಳಿಂದ ನಾನು ಇದನ್ನೇ ಕುಡೀತಿರೋದು. ಉಪ್ಪು ಉಪ್ಪು ಅಂತ ಬಡ್ಕೊಂಡ್ರೆ ನನ್ನ ನಾಲಿಗೇನೇ ಕೆಟ್ಟಿದೆ ಅಂದ್ರಿ. ಉಪ್ಪು ತಿಂದೋರು ನೀರು ಕುಡೀಲೇಬೇಕಲ್ಲ, ಕುಡೀರಿ."

ಇಡೀ ಸಭೆ ಗೊಳ್ಳೆಂದಿತು. ಮೀಟರಕ್ಕ ನಗಲಿಲ್ಲ.

ಹೆಡ್‌ಮೇಷ್ಟ್ರು ನೀರು ಕುಡಿದು, ಬಾಯಿ ಒರೆಸಿಕೊಂಡು, ಮೇಜಿನ ಮೇಲಿನ ಮೆಂಬ್ರೇನುಗಳನ್ನು ಒಂದೊಂದಾಗಿ ಎತ್ತಿ ಓದಿದರು. ಕನ್ನಡಕ ತೆಗೆದರು.

"ಲೆಕ್ಕ ಸರಿಯಾಗಿದೆ" ಎಂದರು. "ನಾನೇ ತಪ್ಪಿದೀನಿ. ಕ್ಷಮಿಸಮ್ಮ." ಕನ್ನಡಕ ಮತ್ತೆ ಏರಿಸಿಕೊಂಡು ಕೇಳಿದರು, "ಹಾಗಾದ್ರೆ ಆ ನೀರನ್ನ ಏನ್ ಮಾಡ್ಬೇಕು? ಚೆಲ್ಲೋಕೆ ನಂಗೆ ಮನಸ್ಸು ಬರಲ್ಲ."

"ಚೆಲ್ಬೇಡಿ ಸಾರ್. ಸಂಪಿಗೆ ಹೋಗೋ ಆ ಕೊಳವೆ ಕತ್ತರಿಸಿ. ಸಂಪಿನ ನೀರು ಪೂರ್ತಿ ಬದಲಾಯ್ಸಿದ ಮೇಲೆ ಆ ಕೊಳವೇಲಿ ಬರೋ ನೀರು ಇಷ್ಟು ಉಪ್ಪಿರಲ್ಲ. ಅದ್ರಲ್ಲಿ ನೆಲ ತೊಳೀರಿ, ಪಾಯಿಖಾನೆಗೆ ಹಾಕಿ. ಕುಡಿಯೋ ನೀರಿನ ಹತ್ರ ಮಾತ್ರ ವಾಪಸ್ ತರ್ಬೇಡಿ."

ಸಭೆ ಚದುರುತ್ತಿದ್ದಂತೆ ಯಜಮಾನರು ಓಡಿಬಂದರು. ಮುಖದಲ್ಲಿ ಮದುವೆಮನೆಯ ಕಳೆ.

"ಶಭಾಷ್! ನಂಗೆ ಮೊದ್ಲೇ ಗೊತ್ತಿತ್ತು ನೀನು ಬಿಡಲ್ಲ ಅಂತ. ಎಲ್ಲಿ, ಆ ಕಾಗದ ಕೊಡು, ಹರಿದು ಹಾಕ್ಬಿಡೋಣ. ಸೋಮವಾರ ಎಂದಿನ ಹಾಗೆ ಬಾ."

ಅವಳು ಮೆಂಬ್ರೇನುಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಕೈ ನಿಲ್ಲಿಸಿದಳು. ಗಂಟೆಯ ಎದುರಿಗೆ ನಡುಗದಿದ್ದ ದನಿ ಈಗ ನಡುಗಿತು.

"ಅವರಿಗೆ ನೀರು ಗೊತ್ತಿರ್ಲಿಲ್ಲ ಸಾರ್, ತಪ್ಪು ಮಾಡಿದ್ರು, ಕ್ಷಮೆ ಕೇಳಿದ್ರು. ನಿಮಗೆ ನಾನು ಗೊತ್ತಿದ್ದೆ. ಹದಿನೈದು ವರ್ಷದಿಂದ ಗೊತ್ತಿದ್ದೆ."

ಯಜಮಾನರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು.

"ಸೋಮವಾರ ಬರ್ತೀನಿ. ಕೆಲ್ಸ ನಂದು, ಯಾಕೆ ಬಿಡ್ಲಿ? ಆದ್ರೆ ಆ ಕಾಗದ ಹರಿಯೋಕೆ ಕೊಡಲ್ಲ."

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದರು. ಮೊದಲು ಜರಡಿ ಇಸಿದುಕೊಂಡು, ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ನೋಡಿದರು. ಮುರಿದಿರಲಿಲ್ಲ. ಆಮೇಲೆ ಸೊಸೆಯ ಮುಖ ನೋಡಿದರು.

ಅವಳು ಸ್ಟೂಲು ಹತ್ತಿ ಮೆಂಬ್ರೇನುಗಳನ್ನು ಅವುಗಳ ಜಾಗದಲ್ಲಿಟ್ಟಳು. ಕ್ಷಮಾಪಣೆಯ ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿದಳು. ಅದೂ ಅಂಗೈಯುದ್ದವೇ ಆಯಿತು. ಮಾರ್ಕರಿನಲ್ಲಿ ತಾರೀಕು ಬರೆದಳು. ಕೆಳಗೆ, ಎಲ್ಲದರ ಮೇಲೂ ಬರೆಯುವ ಹಾಗೆಯೇ, "ಒಳಗೆ: ಮೂರು ಸಾಲು" ಎಂದು ಬರೆದು ಒಂದು ಗಳಿಗೆ ತಡೆದಳು.

"ಹೊರಗೆ ಎಷ್ಟು ಬರೀತೀಯ?" ಎಂದರು ಕೆಳಗಿನಿಂದ ಅತ್ತೆ, ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡು.

"ಸೊನ್ನೆ ಅತ್ತೆ" ಎಂದು ಅವಳು ಬರೆದಳು.